ತೊಟ್ಟಿಗೆ ಎರಡು ಚಮಚ

"ಯಾವನ್ಲಾ ಅದು! ಅಲ್ಲೇ ನಿಂತ್ಕೋ!"

ಪುಟ್ಟಗಂಗಮ್ಮನ ಕೈಯಲ್ಲಿ ಹೊಗೆಯಾಡುತ್ತಿದ್ದ ತೆಂಗಿನ ಮಟ್ಟೆಯಿತ್ತು. ಕಾಯಿ ಮನೆಯ ಏಣಿಯ ಮೂರನೇ ಮೆಟ್ಟಿಲ ಮೇಲೆ ಒಬ್ಬ ಗಂಡಸು ನಿಂತಿದ್ದ. ಕಂಕುಳಲ್ಲಿ ತಗಡಿನ ಡಬ್ಬ, ತಲೆಯ ಮೇಲೆ ಒದ್ದೆ ಗೋಣಿಚೀಲ.

"ಕಾಯಿ ಕದಿಯಾಕೆ ಹಗಲೊತ್ತೇ ಬಂದಿದ್ದೀಯಾ? ಎಷ್ಟು ಧೈರ್ಯ ನಿಂಗೆ!"

"ಕದಿಯೋನಲ್ಲ ಕಣಮ್ಮಾ... ಮೊದ್ಲು ಆ ಮಟ್ಟೆ ದೂರ ಹಿಡೀರಿ. ಪಂಚೆ ಹತ್ಕಂಡಾತು!"

"ಕಳ್ಳ ಅಲ್ದಿದ್ರೆ ಏಣಿ ಯಾಕೆ ಹತ್ತಿದೆ?"

"ತಗಂಡೋಗಾಕಲ್ಲ... ಇಟ್ಟೋಗಾಕೆ ಬಂದಿದ್ದೆ."

ಇಂಥ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇಟ್ಟುಹೋಗೋಕೆ ಬರೋ ಕಳ್ಳ! ನಗು ಬಂತು. ತಡೆದುಕೊಂಡಳು.

ಅದು ಎಂಬತ್ತೆರಡನೇ ಇಸವಿಯ ಆಷಾಢ. ಕಿಬ್ಬನಹಳ್ಳಿಯ ಅಂಚಿನಲ್ಲಿ ತಿಪಟೂರಿನ ಸಾಹುಕಾರ ಪರಮಶಿವಯ್ಯನವರ ಕಾಯಿ ಮನೆ. ಪುಟ್ಟಗಂಗಮ್ಮನ ಅಪ್ಪ ಲಕ್ಕಯ್ಯ ಅದರ ಕಾವಲುಗಾರ. ತಾಯಿ ಇಲ್ಲದ ಮಗಳನ್ನು ಕಟ್ಟಿಕೊಂಡು ಅದಕ್ಕೆ ಆತುಕೊಂಡಿದ್ದ ಸಣ್ಣ ಕೋಣೆಯಲ್ಲೇ ವಾಸ. ಅಟ್ಟದ ತುಂಬ ತೆಂಗಿನಕಾಯಿ. ವರ್ಷಗಟ್ಟಲೆ ಅಲ್ಲೇ ಒಣಗಿ, ಒಳಗಿನ ನೀರೆಲ್ಲ ಇಂಗಿದ ಮೇಲೇ ಅದು ಉಂಡೆ ಕೊಬ್ಬರಿ. ಜಡಿಮಳೆಯ ದಿನಗಳಲ್ಲಿ ಕಾಯಿಗೆ ಥಂಡಿ ಹಿಡಿಯದ ಹಾಗೆ ಕೆಳಗೆ ಮಟ್ಟೆ ಹಾಕಿ ಹೊಗೆ ಕೊಡಬೇಕು. ಬೆಂಕಿ ಏಳಬಾರದು, ಹೊಗೆ ಆರಬಾರದು. ಆ ಕೆಲಸ ಪುಟ್ಟಗಂಗಮ್ಮನದು.

ಗಂಡಸು ಮೆಲ್ಲಗೆ ಇಳಿದು ಡಬ್ಬದ ಮುಚ್ಚಳ ತೆಗೆದ. ಒಳಗೆ ಬೆಳ್ಳಗೆ, ಅಂಬಲಿಯಂಥದ್ದು.

"ಇದೇನು, ಗಂಜಿನಾ?"

"ಗೊಬ್ಬರ. ಬೆಂಗಳೂರಿಂದ ಬಂದಾಗ ಸಕ್ರೆ ಇದ್ದಂಗಿತ್ತು. ಹದಿನೈದೇ ದಿನ... ಹಿಂಗಾಗೋಯ್ತು."

"ಯಾವ ಗಿಡಕ್ಕೆ?"

"ನೀರೊಳಗಿನ ಗಿಡಕ್ಕೆ."

ಈಗ ಅವಳಿಗೆ ನಗು ತಡೆಯಲಾಗಲಿಲ್ಲ. "ಪಾಚಿಗೂ ಗೊಬ್ಬರ ಹಾಕ್ತಾರಾ? ನಮ್ಮ ಕೆರೆಗೆ ಬಾ, ಗೊಬ್ಬರಾನೇ ಹಾಕ್ದೆ ಗಾಡಿಗಟ್ಲೆ ಬೆಳೆದೈತೆ!"

ಅವನ ಹೆಸರು ಶ್ರೀರಂಗಯ್ಯ, ಊರು ಹಂದನಕೆರೆ. ಪಕ್ಕದ ತೋಟದ ವೆಂಕಟಯ್ಯನವರ ಹತ್ತಿರ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ವೆಂಕಟಯ್ಯನವರು ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತಿಯಾದವರು. ತೆಂಗಿನ ಮರದ ನೆರಳಲ್ಲಿ ಹನ್ನೆರಡು ಸಿಮೆಂಟಿನ ತೊಟ್ಟಿ ಕಟ್ಟಿಸಿ ನೀರ್ಗಿಡ ಬೆಳೆಸುತ್ತಿದ್ದರು. ಬೆಂಗಳೂರಿನ ದೊಡ್ಡ ಮನೆಗಳಲ್ಲಿ ಮೀನು ಸಾಕುವ ಗಾಜಿನ ಪೆಟ್ಟಿಗೆ ಇರುತ್ತವಲ್ಲ, ಅದರೊಳಗೆ ನೆಡುವ ಗಿಡ. ಒದ್ದೆ ಗೋಣಿಯಲ್ಲಿ ಸುತ್ತಿ ತಿಪಟೂರಿನಿಂದ ರೈಲಿಗೆ ಹಾಕುತ್ತಿದ್ದರು.

"ನಿಮ್ಮ ಅಟ್ಟದಂಥ ಒಣ ಜಾಗ ಈ ಊರಲ್ಲೇ ಇಲ್ಲ ಕಣಮ್ಮಾ. ಒಂದ್ ಮೂಲೇಲಿ ಮೂರೇ ದಿನ ಇಟ್ಕಂತೀನಿ..."

ಪುಟ್ಟಗಂಗಮ್ಮನ ನಗು ನಿಂತಿತು.

"ಆಗಾಕಿಲ್ಲ. ಅಟ್ಟದ ಮೇಲೆ ಕಾಯಿ ಬಿಟ್ರೆ ಇನ್ನೊಂದು ವಸ್ತು ಇಡಬಾರ್ದು ಅಂತ ಸಾವ್ಕಾರ್ರ ಕಟ್ಟಪ್ಪಣೆ. ಕೊಬ್ಬರಿಗೆ ಬೇರೆ ವಾಸನೆ ಹತ್ತಿದ್ರೆ ಮಾರ್ಕೆಟ್ಟಲ್ಲಿ ಯಾರೂ ಮುಟ್ಟಲ್ಲ. ಹೋದ್ ವರ್ಷ ಇನ್ನೊಂದು ಕಾಯಿ ಮನೇಲಿ ಒಬ್ಬ ಈರುಳ್ಳಿ ಇಟ್ಟಿದ್ದ. ಅವತ್ತೇ ಅವನ ಸಂಸಾರ ಬೀದಿಗೆ ಬಂತು."

ಶ್ರೀರಂಗಯ್ಯ ಮುಚ್ಚಳ ಹಾಕಿ, ಗೋಣಿಚೀಲ ತಲೆಗೆ ಏರಿಸಿ, ಮಳೆಗೆ ಇಳಿದು ಹೋದ.

'ಸ್ವಲ್ಪ ಮೆತ್ತಗೆ ಹೇಳಬಹುದಿತ್ತು...' ಎಂದು ಅವಳಿಗೆ ಅನ್ನಿಸಿತು. ಆದರೆ ಹೇಳಿ ಆಗಿತ್ತಲ್ಲ.

* * *

ಪುಟ್ಟಗಂಗಮ್ಮ ದಿನಾ ವೆಂಕಟಯ್ಯನವರ ಪಂಪಿನ ಮನೆಯಿಂದಲೇ ಕುಡಿಯುವ ನೀರು ತರುತ್ತಿದ್ದಳು. ಮೊದಲು ಒಂದೇ ಸಲ ಹೋಗುತ್ತಿದ್ದವಳು ಈಗ ಎರಡು ಸಲ ಹೋಗತೊಡಗಿದಳು. ಯಾಕೆ ಅಂತ ಅಪ್ಪ ಕೇಳಲಿಲ್ಲ.

"ಏನು ಪಾಚಿ ಸಾವ್ಕಾರ್ರೇ, ಇವತ್ತು ಗೊಬ್ಬರ ಗಂಜಿನೋ, ಗಟ್ಟಿನೋ?"

"ಇವತ್ತು ಪಾಯಸ ಕಣ್ರೀ! ಕುಡೀತೀರಾ?"

ಅವನು ಪಡುವ ಪಾಡು ನೋಡಿದರೆ ನಗು ಬರುತ್ತಿತ್ತು, ಆಮೇಲೆ ಸಂಕಟವಾಗುತ್ತಿತ್ತು. ತಗಡಿನ ಡಬ್ಬವನ್ನು ಆ ಗೊಬ್ಬರವೇ ತಿಂದು ತುಕ್ಕು ಹಿಡಿಸಿತು. ಬೇರೆ ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿದ. ಹಾಕುವಾಗ ಮುಚ್ಚಳ ತೆಗೆದರೆ ಸಾಕು, ತೊಟ್ಟಿಗಳ ತೇವವೆಲ್ಲ ಒಳಗೆ ನುಗ್ಗುತ್ತಿತ್ತು. ಬಟ್ಟೆಯಲ್ಲಿ ಇದ್ದಿಲು ಕಟ್ಟಿ ಜತೆಗಿಟ್ಟ. ಹುರಿದ ಅಕ್ಕಿ ಹಾಕಿದ. ಅಕ್ಕಿ ಅರಳಿಕೊಂಡಿತೇ ಹೊರತು ಗೊಬ್ಬರ ಒಣಗಲಿಲ್ಲ. ಸುತ್ತ ಹನ್ನೆರಡು ತೊಟ್ಟಿ ನೀರು, ಮೇಲೆ ಬಿಡದ ಜಡಿ. ಇಟ್ಟ ಬೆಂಕಿಪೊಟ್ಟಣವೂ ಮಾರನೇ ದಿನ ಹೊತ್ತುತ್ತಿರಲಿಲ್ಲ.

"ನೀರು ಕುಡಿದು ಸತ್ವ ಅರ್ಧ ಆಗೈತೆ," ಅಂದ ಒಂದು ದಿನ. "ಒಂದು ಚಮಚ ಹಾಕೋ ಕಡೆ ಎರಡು ಹಾಕ್ತಿದ್ದೀನಿ. ಗಿಡವೇನೋ ಚೇತರಿಸಿಕೊಂಡವೆ. ಆದ್ರೆ ಡಬ್ಬ ಬೇಗ ಖಾಲಿಯಾಗ್ತೈತೆ. ಆಷಾಢ ಮುಗಿಯೋದ್ರೊಳಗೆ ಬೆಂಗಳೂರಿನ ಅಂಗಡಿಯೋರು ಬಂದು ನೋಡ್ತಾರೆ. ಒಪ್ಪಿದ್ರೆ ವರ್ಷವಿಡೀ ಇಲ್ಲಿಂದ್ಲೇ ಮಾಲು. ಯಜಮಾನ್ರು ನನ್ನ ಕಾಯಂ ಮಾಡ್ಕಂತಾರೆ."

"ಒಪ್ದಿದ್ರೆ?"

"ಒಪ್ದಿದ್ರೆ... ತೊಟ್ಟೀನೂ ಇಲ್ಲ, ನಾನೂ ಇಲ್ಲ."

ಅವನು ನಗುತ್ತಲೇ ಹೇಳಿದ. ಆದರೆ ಪುಟ್ಟಗಂಗಮ್ಮನ ಕೈಯಲ್ಲಿದ್ದ ಬಿಂದಿಗೆ ಯಾಕೋ ಭಾರವಾಯಿತು.

'ಇಲ್ಲ ಅಂದ್ರೆ? ಹೋಗೇಬಿಡ್ತಾರಾ?'

ಆಗಲೇ ಅವಳಿಗೆ ತನ್ನ ಮನಸ್ಸು ತಿಳಿದದ್ದು. ತಿಳಿದು ಏನು ಮಾಡುವುದು? ಕಾವಲುಗಾರನ ಮಗಳು ಅದನ್ನು ಯಾರಿಗೆ ಹೇಳಿಕೊಳ್ಳಬೇಕು?

* * *

ಒಂದು ಸೋಮವಾರ ಹಂದನಕೆರೆಯಿಂದ ಸುದ್ದಿ ಬಂತು. ಶ್ರೀರಂಗಯ್ಯನ ತಾಯಿ ಹೊಂಬಾಳಮ್ಮನಿಗೆ ಜ್ವರ, ಮೇಲೇಳುತ್ತಿಲ್ಲ. ಅವನು ಅವಸರದಲ್ಲಿ ಗೊಬ್ಬರದ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ವೆಂಕಟಯ್ಯನವರ ಕೈಗಿಟ್ಟು ಬಸ್ಸು ಹತ್ತಿದ. ಹೋಗುವ ಮುಂಚೆ ಬೇಲಿಯ ಹತ್ತಿರ ಬಂದು, "ಹತ್ತು ದಿನದಾಗೆ ಬತ್ತೀನಿ ಗಂಗಮ್ಮಾ. ಯಜಮಾನ್ರ ಕಣ್ಣಿಗೆ ಪೊರೆ ಬಂದೈತೆ. ಆಗಾಗ ಒಂದ್ ಕಣ್ಣಿಡು," ಅಂದ.

ಮೊದಲ ಸಲ ಅವಳನ್ನು ಗಂಗಮ್ಮಾ ಅಂದಿದ್ದ. ಏಕವಚನದಲ್ಲಿ! ಅಷ್ಟೇ ಸಾಕಾಯಿತು ಅವಳಿಗೆ.

'ಒಂದ್ ಕಣ್ಣಿಡು ಅಂದ್ರಲ್ಲ... ಬರೋಷ್ಟರಲ್ಲಿ ಆ ಗೊಬ್ಬರ ಒಣಗಿಸಿ ಇಟ್ಟಿದ್ರೆ? ಡಬ್ಬ ತೆಗೆದ ಕೂಡ್ಲೇ ಸಕ್ರೆ ಇದ್ದಂಗೆ ಕಂಡ್ರೆ, ಎಷ್ಟು ಖುಷಿ ಪಡ್ತಾರೋ!'

ಮಂಗಳವಾರ ಮಧ್ಯಾಹ್ನ ವೆಂಕಟಯ್ಯನವರು ಉಂಡು ಮಲಗಿದ್ದಾಗ ಅವಳು ತೊಟ್ಟಿಗಳ ಪಕ್ಕದ ಶೆಡ್ಡಿನ ಅಗಳಿ ತೆಗೆದು ಡಬ್ಬ ತಂದಳು. ಮೊರದ ಮೇಲೆ ಬಾಳೆ ಎಲೆ ಹಾಸಿ ಗೊಬ್ಬರ ಹರಡಿದಳು. ಏಣಿಗೆ ಕಾಲಿಟ್ಟಳು. ಸಾಹುಕಾರರ ಅಪ್ಪಣೆ ನೆನಪಾಯಿತು. ಬೀದಿಗೆ ಬಂದ ಆ ಸಂಸಾರ ನೆನಪಾಯಿತು. ಆದರೂ ಹತ್ತಿದಳು. ಅಟ್ಟದ ಅಂಚಿನಲ್ಲಿ, ಕಾಯಿಗಳಿಂದ ನಾಲ್ಕು ಮೊಳ ದೂರ, ಬೆಚ್ಚಗಿನ ಜಾಗದಲ್ಲಿ ಇಟ್ಟಳು. ಮೂರು ದಿನ ಬೆರಳಲ್ಲಿ ಕೆದಕಿ ಕೆದಕಿ ಒಣಗಿಸಿದಳು. ಗಂಟು ಕಟ್ಟಿದ್ದನ್ನು ಕೈಯಲ್ಲೇ ಪುಡಿ ಮಾಡಿದಳು. ಬೆರಳೆಲ್ಲ ಚುರುಚುರು ಅಂದವು. ಶುಕ್ರವಾರ ಡಬ್ಬ ಒರೆಸಿ, ತುಂಬಿ, ಇದ್ದ ಜಾಗದಲ್ಲೇ ಇಟ್ಟು ಬಂದಳು.

ಭಾನುವಾರ ವೆಂಕಟಯ್ಯನವರು ಗೊಬ್ಬರ ಹಾಕಿದರು.

ಮಂಗಳವಾರ ತೊಟ್ಟಿಯಿಂದ ವಾಸನೆ ಬಂತು. ಬುಧವಾರ ಅವಳು ನೀರಿಗೆ ಹೋದಾಗ ಸೊಳ್ಳೆಯಾಗದಿರಲಿ ಅಂತ ತೊಟ್ಟಿಗೆ ಬಿಟ್ಟಿದ್ದ ಮೀನಿನ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗಿಡಗಳು ಬೇಯಿಸಿದ ಸೊಪ್ಪಿನ ಹಾಗೆ ಮೆತ್ತಗಾಗಿದ್ದವು. ಒಂದು ತೊಟ್ಟಿಯಲ್ಲ, ಎರಡು ತೊಟ್ಟಿಯಲ್ಲ... ಹನ್ನೆರಡೂ!

ವೆಂಕಟಯ್ಯನವರು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. "ಅವನು ಬರೆದಂಗೇ ಹಾಕಿದೀನಿ ಮಗಾ. ನನ್ನ ಕಣ್ಣಿಗೆ ತಪ್ಪಾಗಿ ಕಂಡಿತೋ ಏನೋ. ನೀನು ಓದು."

ನಾಲ್ಕನೇ ಕ್ಲಾಸಿನ ಓದು ಅವಳದು. ಅಕ್ಷರ ಕೂಡಿಸಿ ಓದಿದಳು.

"ತೊಟ್ಟಿಗೆ... ಎರಡು... ಚಮಚ."

ಮತ್ತೊಮ್ಮೆ ಓದಿದಳು.

ಎರಡು! ನೀರು ಕುಡಿದ ಗೊಬ್ಬರಕ್ಕೆ ಎರಡು! ಮಳೆಗಾಲದಲ್ಲಿ ಉಪ್ಪು ನೀರಾದರೆ ಸಾರಿಗೆ ಒಂದು ಹಿಡಿ ಜಾಸ್ತಿ ಹಾಕುತ್ತಾಳೆ. ಒಣಗಿದ ಉಪ್ಪನ್ನು ಅಷ್ಟೇ ಹಾಕಿದರೆ ಸಾರು ವಿಷ. ಅಡಿಗೆ ಮನೆಯಲ್ಲಿ ದಿನಾ ಮಾಡುವ ಕೆಲಸ... ಅದು ಇಲ್ಲಿ ಅವಳ ತಲೆಗೆ ಹೊಳೆದಿರಲಿಲ್ಲ.

'ನಾನೇ... ಅಯ್ಯೋ ದೇವ್ರೇ, ನಾನೇ ಕೊಂದ್ಬುಟ್ಟೆ...'

* * *

ಗುರುವಾರ ಶ್ರೀರಂಗಯ್ಯ ಬಂದ. ತಾಯಿಗೆ ಗುಣವಾಗಿತ್ತು. ನಗುತ್ತ ಬೇಲಿ ದಾಟಿದವನು ತೊಟ್ಟಿಗಳ ಮುಂದೆ ಕಲ್ಲಿನ ಹಾಗೆ ನಿಂತ. ಒಂದೊಂದೇ ತೊಟ್ಟಿಗೆ ಕೈ ಹಾಕಿ ಗಿಡ ಎತ್ತಿದ. ಬೆರಳ ಸಂದಿಯಿಂದ ಅದು ಲೋಳೆಯಾಗಿ ಜಾರಿತು.

ಆಮೇಲೆ ಶೆಡ್ಡಿಗೆ ಹೋಗಿ ಡಬ್ಬದ ಮುಚ್ಚಳ ತೆಗೆದ. ಒಳಗೆ ಗೊಬ್ಬರ ಸಕ್ಕರೆಯ ಹಾಗೆ ಉದುರುದುರಾಗಿತ್ತು. ಮೂಗಿನ ಹತ್ತಿರ ತಂದ.

ತೆಂಗಿನ ಮಟ್ಟೆಯ ಹೊಗೆ ವಾಸನೆ.

ಆ ಹೊಗೆ ಊರಲ್ಲಿ ಎಲ್ಲಿಂದ ಬರುತ್ತದೆ, ಆ ಗಂಟುಗಳನ್ನು ಯಾರ ಬೆರಳು ಪುಡಿ ಮಾಡಿರಬೇಕು ಅಂತ ಅವನಿಗೆ ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ಬಾಗಿಲಾಚೆ ಪುಟ್ಟಗಂಗಮ್ಮ ಬಿಂದಿಗೆ ಹಿಡಿದು ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

ಅವನು ಮುಚ್ಚಳ ಹಾಕಿದ.

"ತಪ್ಪು ನಂದೇ ಯಜಮಾನ್ರೇ. ಅವಸರದಾಗೆ ಒಂದು ಅನ್ನೋ ಕಡೆ ಎರಡು ಅಂತ ಬರ್ದೆ."

"ರಂಗಾ!" ವೆಂಕಟಯ್ಯನವರ ದನಿ ಒಡೆಯಿತು. "ನನ್ನ ಕಣ್ಣು ಹೋದ್ರೂ ನಿನ್ನ ಕಣ್ಣೈತೆ ಅಂತಿದ್ದೆನಲ್ಲೋ..."

ಅವನು ತಲೆ ಎತ್ತಲಿಲ್ಲ. ಪುಟ್ಟಗಂಗಮ್ಮನ ಪಕ್ಕದಲ್ಲೇ ಹಾದು ಹೋದ. ಒಂದು ಮಾತಿಲ್ಲ, ಒಂದು ನೋಟವಿಲ್ಲ.

ನಿಜ ಹೇಳಿದರೆ ಏನಾಗುತ್ತಿತ್ತು ಅಂತ ಅವನಿಗೆ ಗೊತ್ತಿತ್ತು. ಅಟ್ಟದ ಮೇಲೆ ಗೊಬ್ಬರ ಇಟ್ಟ ಸುದ್ದಿ ಪರಮಶಿವಯ್ಯನವರ ಕಿವಿಗೆ ಬಿದ್ದರೆ ಲಕ್ಕಯ್ಯನ ಕೆಲಸ ಹೋಗುತ್ತದೆ, ಇರುವ ಕೋಣೆಯೂ ಹೋಗುತ್ತದೆ. ಬೇರೆ ಮನೆಯ ಶೆಡ್ಡಿಗೆ ಒಂಟಿ ಹೆಣ್ಣು ಯಾಕೆ ಹೋದಳು ಅಂತ ಬಸ್ ಸ್ಟಾಂಡಿನ ಹೋಟೆಲ್ಲಿನಲ್ಲಿ ಮಾತು ಬೆಳೆಯುತ್ತದೆ. ತಾನು ಗಂಡಸು. ಬೈಗುಳವನ್ನು ಹೊತ್ತುಕೊಂಡು ಎಲ್ಲಾದರೂ ಹೋಗಬಹುದು.

ಇದೊಂದೂ ಪುಟ್ಟಗಂಗಮ್ಮನಿಗೆ ತಿಳಿಯಲಿಲ್ಲ. ಅವಳು ತಿಳಿದುಕೊಂಡದ್ದೇ ಬೇರೆ.

'ನನ್ನ ಕೆಲಸ ಅಂತ ಗೊತ್ತಾಗೈತೆ. ಅದಕ್ಕೇ ಮೊಕಾನೂ ನೋಡ್ಲಿಲ್ಲ. ನೋಡಾಕೂ ಅಸಹ್ಯ ಆಗಿರ್ಬೇಕು...'

ಶುಕ್ರವಾರ ಬೇಲಿಯವರೆಗೆ ಹೋಗಿ ವಾಪಸು ಬಂದಳು. ಶನಿವಾರ ಅವನು ತೊಟ್ಟಿ ಖಾಲಿ ಮಾಡುತ್ತಿದ್ದಾಗ, "ರೀ..." ಅಂದಳು. ಅವನು ಬಕೆಟ್ಟು ಎತ್ತಿಕೊಂಡು ಆ ಕಡೆ ನಡೆದುಬಿಟ್ಟ. ಸೋಮವಾರ ಬೆಂಗಳೂರಿನ ಅಂಗಡಿಯವರು ಬಂದು, ಖಾಲಿ ತೊಟ್ಟಿ ನೋಡಿ, ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಅಪ್ಪ ಊಟಕ್ಕೆ ಕೂತು ಅಂದ: "ಆ ಹಂದನಕೆರೆ ಹುಡುಗ ಎಂಥಾ ದಡ್ಡ ನನ್ಮಗ! ಪಾಪ, ಮುದುಕಪ್ಪನ ಬಾಳು ಮುಳುಗಿಸ್ಬುಟ್ಟ. ನಾಳೆ ಬೆಳಿಗ್ಗೆ ಹೊರಡ್ತಾನಂತೆ. ಹೋಗ್ಲಿ ಬುಡು."

ಪುಟ್ಟಗಂಗಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು. 'ನಾನು ಕಣಪ್ಪಾ ಮುಳುಗಿಸಿದ್ದು' ಅನ್ನಬೇಕು. ಅಂದರೆ ಅಪ್ಪ ಈ ವಯಸ್ಸಲ್ಲಿ ಎಲ್ಲಿಗೆ ಹೋಗಬೇಕು? ಅನ್ನದಿದ್ದರೆ ಅವನು ಹೋಗುತ್ತಾನೆ, ಕಳಂಕ ಹೊತ್ತುಕೊಂಡು. ಯಾವ ಕಡೆ ತಿರುಗಿದರೂ ಗೋಡೆ. ನೀರು ಕುಡಿದು ಕೈತೊಳೆದಳು.

* * *

ಮಾರನೇ ಬೆಳಿಗ್ಗೆ ಶ್ರೀರಂಗಯ್ಯ ಕೈಚೀಲ ಹಿಡಿದು ವೆಂಕಟಯ್ಯನವರ ಕಾಲಿಗೆ ಬಗ್ಗಿದ. ಲಕ್ಕಯ್ಯನೂ ಅಲ್ಲೇ ಇದ್ದ, ಇನ್ನು ಬೇಡವಾದ ತೊಟ್ಟಿಗಳ ಪಂಪು ಬಿಚ್ಚುವುದಕ್ಕೆ ಕೈಜೋಡಿಸೋಣ ಅಂತ ಬಂದಿದ್ದ.

"ಎಲ್ಲಿಗೋಯ್ತೀಯಾ?" ವೆಂಕಟಯ್ಯನವರು ಕೇಳಿದರು.

"ಗೊತ್ತಿಲ್ಲ ಯಜಮಾನ್ರೇ. ಚಿಕ್ಕನಾಯಕನಹಳ್ಳಿ ಬಸ್ಸು ಮೊದ್ಲು ಬಂದ್ರೆ ಅಲ್ಲಿಗೆ."

"ನಿಲ್ಲಿ!"

ಪುಟ್ಟಗಂಗಮ್ಮ ಓಡಿಬಂದಿದ್ದಳು.

"ಇವರು ತಪ್ಪು ಬರೆದಿಲ್ಲ. ಆ ಗೊಬ್ಬರ ಒಣಗಿಸಿದ್ದು ನಾನು!"

ಶ್ರೀರಂಗಯ್ಯ ತಟ್ಟನೆ ಎದ್ದ. "ಏ ಗಂಗಮ್ಮಾ, ಸುಮ್ನಿರು. ಏನೇನೋ ಮಾತಾಡ್ಬೇಡ..."

"ಸುಮ್ನಿದ್ದು ಸುಮ್ನಿದ್ದು ಸಾಯೋಂಗಾಗೈತೆ!" ಅವಳು ವೆಂಕಟಯ್ಯನವರ ಕಡೆ ತಿರುಗಿದಳು. "ತಾತಾ, ಅದು ನೀರಾಗಿದ್ದಾಗ ಎರಡು ಚಮಚ ಸರಿಯಿತ್ತು. ನಾನು ಕದ್ದು ತಗಂಡೋಗಿ ಅಟ್ಟದ ಮೇಲೆ ಒಣಗಿಸಿ ತಂದಿಟ್ಟೆ. ಒಣಗಿದ್ದನ್ನ ಒಂದೇ ಹಾಕ್ಬೇಕಿತ್ತು. ನೀವು ಎರಡು ಹಾಕಿದ್ರಿ. ತಪ್ಪು ಚೀಟೀದಲ್ಲ, ನಿಮ್ಮ ಕಣ್ಣಿಂದೂ ಅಲ್ಲ. ನಂದು..."

ಲಕ್ಕಯ್ಯನ ಕೈಯಲ್ಲಿದ್ದ ಸ್ಪ್ಯಾನರು ಕೆಳಗೆ ಬಿತ್ತು.

"ಅಟ್ಟದ ಮೇಲಾ? ಸಾವ್ಕಾರ್ರ ಅಟ್ಟದ ಮೇಲಾ?"

"ಹೂಂ ಅಪ್ಪಾ."

"ಯಾಕೇ? ಯಾಕೆ ಮಾಡ್ದೆ ಇಂಥ ಕೆಲ್ಸ? ನಿಂಗೂ ಆ ಗೊಬ್ಬರಕ್ಕೂ ಏನೇ ಸಂಬಂಧ?"

ಅವಳು ನೆಲ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: "ದಿನಾ ಆ ಡಬ್ಬ ಇಟ್ಕಂಡು ಒದ್ದಾಡ್ತಿದ್ರು. ನೋಡಾಕಾಗ್ಲಿಲ್ಲ."

ಒಬ್ಬ ಹೆಣ್ಣು ಅಷ್ಟು ಹೇಳಿದರೆ ಎಲ್ಲವನ್ನೂ ಹೇಳಿದ ಹಾಗೆಯೇ.

ವೆಂಕಟಯ್ಯನವರು ಶ್ರೀರಂಗಯ್ಯನ ಕಡೆ ತಿರುಗಿದರು. "ರಂಗಾ, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಬಂದ ದಿನವೇ, ಡಬ್ಬ ಮೂಸಿದಾಗ."

ಪುಟ್ಟಗಂಗಮ್ಮ ತಲೆ ಎತ್ತಿ ಅವನನ್ನು ನೋಡಿದಳು. ಗೊತ್ತಿತ್ತು! ಗೊತ್ತಿದ್ದೂ ಎಲ್ಲರ ಎದುರು ಬೈಸಿಕೊಂಡರು!

"ಹೇಳಿದ್ರೆ ನಿಮ್ಮ ಕೆಲ್ಸ ಹೋಯ್ತಿತ್ತು ಲಕ್ಕಯ್ನೋರೇ," ಅಂದ ಶ್ರೀರಂಗಯ್ಯ. "ಇವಳ ಹೆಸ್ರು ಬೀದೀಲಿ ಬೀಳ್ತಿತ್ತು. ಅದನ್ನ ನಾನು ತಡ್ಕಳ್ಳಾಕಾಯ್ತಿರ್ಲಿಲ್ಲ. ಇವಳನ್ನ ಕೊಡಿ ಅಂತ ಕೇಳಾಕೆ ನಂಗೆ ಈಗ ಕೆಲ್ಸಾನೂ ಇಲ್ಲ, ನೆಲಾನೂ ಇಲ್ಲ. ಆದ್ರೂ ಕೇಳ್ತಿದ್ದೀನಿ."

ಲಕ್ಕಯ್ಯ ಮಗಳನ್ನು ಹೊಡೆಯುತ್ತಾನೋ ಅನ್ನಿಸಿತು. ಅವನು ಹೊಡೆಯಲಿಲ್ಲ. ತೊಟ್ಟಿಯ ಕಟ್ಟೆಗೆ ಒರಗಿ ಬೀಡಿ ಹಚ್ಚಲು ನೋಡಿದ. ಕಡ್ಡಿ ಹತ್ತಲಿಲ್ಲ. ಬೀಡಿಯನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

"ಮೊದ್ಲು ತಿಪಟೂರಿಗೆ ಹೋಗಿ ಸಾವ್ಕಾರ್ರಿಗೆ ನಾನೇ ಹೇಳ್ಬೇಕು. ಬೇರೆಯೋರ ಬಾಯಿಂದ ಕೇಳ್ಬಾರ್ದು ಅವರು."

"ನಾನೂ ಬತ್ತೀನಿ," ಅಂದ ಶ್ರೀರಂಗಯ್ಯ.

ಇಬ್ಬರೂ ಬಸ್ಸು ಹತ್ತಿದರು. ಪುಟ್ಟಗಂಗಮ್ಮ ಅಟ್ಟದ ಕೆಳಗೆ ಕೂತು ಹೊಗೆ ನೋಡಿಕೊಂಡಳು. ಅವತ್ತು ಅವಳ ಕೈಯಲ್ಲಿ ಇದ್ದದ್ದು ಅದೊಂದೇ.

ಸಂಜೆಗೆ ಮುಂಚೆ ಇಬ್ಬರೂ ಬಂದರು. ಪರಮಶಿವಯ್ಯನವರೂ ಕಾರಿನಲ್ಲಿ ಜತೆಗೇ ಬಂದಿದ್ದರು. ನೇರ ಏಣಿ ಹತ್ತಿ, ಅಂಚಿನ ನಾಲ್ಕು ಕಾಯಿ ಒಡೆಸಿದರು. ಕೊಬ್ಬರಿ ಮೂಸಿದರು, ಕಚ್ಚಿ ನೋಡಿದರು, ಉಗಿದರು.

"ಈಗೇನೂ ವಾಸನೆ ಇಲ್ಲ. ಕಾಯಿ ಇಳಿಸೋ ಹೊತ್ತಿಗೆ ಏನಾಗ್ತದೋ ನಂಗೂ ಗೊತ್ತಿಲ್ಲ. ಅಲ್ಲೀವರೆಗೂ ಇರು ಲಕ್ಕಯ್ಯ. ಕೊಬ್ಬರಿ ಕೆಟ್ಟಿದ್ರೆ ಮಾತ್ರ ನೀನೇ ಬೇರೆ ಕಡೆ ನೋಡ್ಕೋ." ಶ್ರೀರಂಗಯ್ಯನ ಕಡೆ ತಿರುಗಿ, "ನೀನೇನಯ್ಯಾ, ನಮ್ಮ ಕೊಬ್ಬರಿ ಮಂಡೀಲಿ ಮೂಟೆ ಹೊರ್ತೀಯಾ? ಬುಧವಾರ, ಶನಿವಾರ ಆಳು ಸಾಲಲ್ಲ," ಅಂದರು.

"ಹೊರ್ತೀನಿ ಬುದ್ಧೀ."

ಕಾರು ಹೋಯಿತು. ಲಕ್ಕಯ್ಯನ ಕೆಲಸ ಉಳಿಯಿತು ಅನ್ನುವ ಹಾಗಿಲ್ಲ, ಹೋಯಿತು ಅನ್ನುವ ಹಾಗೂ ಇಲ್ಲ. ವೆಂಕಟಯ್ಯನವರ ತೊಟ್ಟಿಗಳಂತೂ ಮತ್ತೆ ತುಂಬಲಿಲ್ಲ. ಪುಟ್ಟಗಂಗಮ್ಮ ಕ್ಷಮೆ ಕೇಳಲು ಹೋದಾಗ ಅವರು, "ನಂಗೂ ವಯಸ್ಸಾಗಿತ್ತು ಬುಡು ಮಗಾ," ಅಂದರು. ಆ ಮಾತು ಅವಳನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಅದಕ್ಕೆ ಅವಳ ಹತ್ತಿರ ಮದ್ದಿರಲಿಲ್ಲ. ಮಾರನೇ ದಿನದಿಂದ ಅವರಿಗೆ ಎರಡು ಹೊತ್ತಿನ ಊಟ ಅವಳೇ ಒಯ್ಯತೊಡಗಿದಳು.

ಕಾರು ಹೋದ ಸಂಜೆಯೇ ಶ್ರೀರಂಗಯ್ಯ ಕೈಚೀಲ ಹಿಡಿದು ತಿಪಟೂರಿನ ಬಸ್ಸಿಗೆ ಹೊರಟಾಗ ಲಕ್ಕಯ್ಯ ಎತ್ತಲೋ ನೋಡುತ್ತ ಅಂದ:

"ಆಷಾಢದಾಗೆ ಮದ್ವೆ ಮಾತು ಆಡಬಾರ್ದು. ಶ್ರಾವಣ ಬರ್ಲಿ. ನಿಮ್ಮವ್ವ ಓಡಾಡೋಂಗಾದ್ರೆ ಕರ್ಕಂಡು ಬಾ." ಆಮೇಲೆ ಮಗಳಿಗೆ, "ಬೇಲಿಗಂಟ ಹೋಗಿ ಬಾರೇ. ಅಲ್ಲಿಂದಾಚೆ ಬೇಡ," ಅಂದು ಒಳಗೆ ಹೋದ.

ಇಬ್ಬರೂ ಬೇಲಿಯವರೆಗೆ ನಡೆದರು.

"ಅಷ್ಟು ದಿನ ನನ್ನ ಕಡೆ ತಿರುಗೂ ನೋಡ್ಲಿಲ್ಲ ನೀವು," ಅಂದಳು ಪುಟ್ಟಗಂಗಮ್ಮ. "ನನ್ನ ಕಂಡ್ರೆ ಅಸಹ್ಯ ಅಂದ್ಕಂಡಿದ್ದೆ."

"ನೋಡಿದ್ರೆ ನೀನು ಅಳ್ತಿದ್ದೆ. ನೀನು ಅತ್ರೆ ನಾನೂ ಅಳ್ತಿದ್ದೆ. ಇಬ್ರೂ ಒಟ್ಟಿಗೆ ಅತ್ರೆ ಊರಿಗೆಲ್ಲ ಗೊತ್ತಾಗಾಕಿಲ್ವಾ?"

ಅವಳು ನಗಲು ಹೋದಳು. ಆದರೆ ಬಂದದ್ದು ಅಳು. ಸೆರಗು ಬಾಯಿಗೆ ಒತ್ತಿಕೊಂಡಳು.

"ಈಗಲೂ ಅಳ್ತಿದ್ದೀಯಲ್ಲೇ..."

"ನಿಲ್ತಾ ಇಲ್ಲ ಕಣ್ರೀ, ಏನ್ಮಾಡ್ಲಿ?"

ಶ್ರೀರಂಗಯ್ಯ ಕೈಚೀಲ ಕೆಳಗಿಟ್ಟ. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಅವನು ಆ ಕಡೆ ನೋಡಲಿಲ್ಲ.

"ಅಳು. ನಿಂತ ಮೇಲೆ ಹೋಯ್ತೀನಿ."